ನಡುಗಾಲು ಹದಿಮೂರು ತೋರಿಸಿದ ದಿನ

ನಿಜವನ್ನೂ ಎರಡು ಸಲ ಅಳೆದು ಹೇಳುವ ಹೆಂಗಸೊಬ್ಬಳಿದ್ದಳು. ಅಂಗಡಿಯವನು ಒಂದು ಮೀಟರ್ ಬಟ್ಟೆ ಕತ್ತರಿಸುವಾಗ ಅವಳ ಕಣ್ಣು ಬಟ್ಟೆಯ ಮೇಲಲ್ಲ, ಅಳತೆಕೋಲಿನ ತುದಿಯ ಮೇಲಿರುತ್ತಿತ್ತು. ಗಂಡ "ಸ್ವಲ್ಪ ಜ್ವರ ಕಣೇ" ಎಂದು ಮಲಗಿದರೆ, "ಸ್ವಲ್ಪ ಅಂದ್ರೆ ಎಷ್ಟು?" ಎನ್ನುತ್ತ ಥರ್ಮಾಮೀಟರ್ ಹುಡುಕುವಳು. ಅದರಲ್ಲಿ ತೊಂಬತ್ತೆಂಟೂವರೆ ಬಂತೋ, ಅವನ ಜ್ವರಕ್ಕೆ ಅಲ್ಲಿಗೇ ಮಂಗಳ.

ಇಂಥವಳಿಗೆ ಸಿಕ್ಕಿದ ಕೆಲಸವೂ ಅಂಥದ್ದೇ. ದೊಡ್ಡ ದೊಡ್ಡ ಟ್ರಾನ್ಸ್‌ಫಾರ್ಮರುಗಳನ್ನು ಬಿಚ್ಚಿ ರಿಪೇರಿ ಮಾಡುವ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷದಿಂದ ಪರೀಕ್ಷೆಯ ಮೇಜು ಅವಳದು. ಅಲ್ಲಿ ಅವಳು ಎಲ್ಲರಿಗೂ ಮೀಟರಕ್ಕ. ಅವಳಿಗಿಂತ ಎಂಟು ವರ್ಷ ಹಿರಿಯನಾದ ಕ್ರೇನಿನವನೂ ಅಕ್ಕ ಎನ್ನುತ್ತಿದ್ದ. ಆ ಕ್ರೇನಿನವನು ನೆಲದಿಂದ ನಲವತ್ತು ಅಡಿ ಎತ್ತರದ ಗೂಡಿನಲ್ಲಿ ಕೂರುವವನಾದ್ದರಿಂದ ಅವನಿಗೆ 'ಮೇಲಿನವನು' ಎಂದು ಹೆಸರಿಟ್ಟಿದ್ದರು. ಕೆಳಗೆ ಯಾರಾದರೂ ನಿಟ್ಟುಸಿರು ಬಿಟ್ಟು "ಎಲ್ಲಾ ಮೇಲಿನವನ ಕೈಲಿದೆ" ಅಂದರೆ ಸಾಕು, "ಇದೆ ಇದೆ, ಆದ್ರೆ ಹನ್ನೊಂದಕ್ಕೆ ಚಹಾಕ್ಕೆ ಇಳೀತೀನಿ" ಎಂದು ಮೇಲಿಂದ ಉತ್ತರ ಬರುತ್ತಿತ್ತು.

ಮೀಟರಕ್ಕನ ಗಂಡ ಊರ ಬಸ್ಸಿನ ಡ್ರೈವರು. ಮದುವೆಯಾದ ಹೊಸತರಲ್ಲಿ ಹೆಂಡತಿಯ ಕೆಲಸ ಏನೆಂದು ಕೇಳಿ ನಕ್ಕಿದ್ದ. "ಖಾಲಿ ಟ್ರಾನ್ಸ್‌ಫಾರ್ಮರ್ ಓಡಿಸಿ ಏನೇ ನೋಡ್ತೀಯ? ನನ್ನ ಬಸ್ಸಲ್ಲಿ ಜನ ತುಂಬಿದಾಗಲ್ವಾ ಬಂಡವಾಳ ಬಯಲಾಗೋದು?"

"ಜನ ತುಂಬಿದಾಗ ಆ ಗದ್ದಲದಲ್ಲಿ ನಿಮ್ಮ ಎಂಜಿನ್ ಸದ್ದು ನಿಮಗೆ ಕೇಳುತ್ತಾ?" ಎಂದಿದ್ದಳು ಅವಳು. "ಖಾಲಿ ಇದ್ದಾಗ್ಲೇ ಅಲ್ವಾ ಎಲ್ಲಿ ಲಟಕ್ ಅನ್ನುತ್ತೆ ಅಂತ ಗೊತ್ತಾಗೋದು?"

ಅಷ್ಟೇ ವಿಷಯ. ಟ್ರಾನ್ಸ್‌ಫಾರ್ಮರಿನ ಆಚೆ ತುದಿಯಲ್ಲಿ ಒಂದು ದೀಪವನ್ನೂ ಹಚ್ಚದೆ, ಒಂದು ಮೋಟಾರನ್ನೂ ತಿರುಗಿಸದೆ, ಈಚೆ ತುದಿಗೆ ವಿದ್ಯುತ್ತು ಕೊಟ್ಟರೂ ಅದು ಸುಮ್ಮನೆ ಕೂರುವುದಿಲ್ಲ. ಒಳಗಿರುವ ಕಬ್ಬಿಣ ಸೆಕೆಂಡಿಗೆ ಐವತ್ತು ಸಲ ಅತ್ತಿಂದಿತ್ತ, ಇತ್ತಿಂದತ್ತ ಆಯಸ್ಕಾಂತವಾಗುತ್ತ ಗುಂಯ್‌ಗುಡುತ್ತದೆ. ಅಷ್ಟಕ್ಕೆ ಅದಕ್ಕೊಂದಿಷ್ಟು ವಿದ್ಯುತ್ತು ಬೇಕು. ಕೆಲಸವಿಲ್ಲದವನಿಗೂ ಹೊಟ್ಟೆ ಇರುತ್ತದಲ್ಲ, ಹಾಗೆ. ಭಾರ ಹೊತ್ತು ದುಡಿಯುವಾಗ ಈ ಚಿಕ್ಕ ತುತ್ತು ದೊಡ್ಡ ಹರಿವಿನಲ್ಲಿ ಕಾಣದೇ ಹೋಗುತ್ತದೆ. ಖಾಲಿ ಇದ್ದಾಗ ಮಾತ್ರ ಕಬ್ಬಿಣದ ಗುಣ, ಅದನ್ನು ಜೋಡಿಸಿದವರ ಕೈಗುಣ, ಎರಡೂ ಮೀಟರಿನ ಮೇಲೆ ಬರುತ್ತವೆ.

ಆ ಕಬ್ಬಿಣಕ್ಕೆ ಮೂರು ಕಾಲು. ಮೇಲೊಂದು ಅಡ್ಡಪಟ್ಟಿ, ಕೆಳಗೊಂದು ಅಡ್ಡಪಟ್ಟಿ. ಮೂರೂ ಕಾಲಿಗೆ ತಾಮ್ರದ ಸುರುಳಿ ತೊಡಿಸಿರುತ್ತಾರೆ. ಅಂಚಿನ ಎರಡು ಕಾಲುಗಳ ಕಾಂತಬಲ ದೂರ ಸುತ್ತಿ ಬರಬೇಕು, ನಡುವಿನ ಕಾಲಿಗೆ ಮಾತ್ರ ಎರಡೂ ಕಡೆ ಹತ್ತಿರದ ದಾರಿ. ಹಾಗಾಗಿ ಅಂಚಿನವೆರಡೂ ಒಂಬತ್ತೊಂಬತ್ತು ಉಂಡರೆ ನಡುವಿನದು ಆರಕ್ಕೇ ಕೈ ತೊಳೆದು ಏಳುತ್ತದೆ. ಮೀಟರಕ್ಕ ಮೊದಲು ನೋಡುತ್ತಿದ್ದುದೇ ನಡುಗಾಲನ್ನು. ಅದು ಕಡಿಮೆ ತೋರಿಸಿದರೆ ಕಬ್ಬಿಣ ಆರೋಗ್ಯ. ಹೆಚ್ಚು ತೋರಿಸಿತೋ, ಜೋಡಣೆಯಲ್ಲಿ ಎಲ್ಲೋ ಸಂದು ಬಿಟ್ಟಿದೆ ಎಂದರ್ಥ.

ಇನ್ನು ಆ ಕಬ್ಬಿಣವೇನು ಒಂದೇ ಗಟ್ಟಿಯಲ್ಲ. ಪೋಸ್ಟ್‌ಕಾರ್ಡಿನಷ್ಟು ತೆಳ್ಳಗಿನ ಸಾವಿರಾರು ಉಕ್ಕಿನ ತಗಡು. ಸುಟ್ಟ ಸುರುಳಿ ತೆಗೆಯಬೇಕೆಂದರೆ ಮೇಲಿನ ಅಡ್ಡಪಟ್ಟಿಯನ್ನು ತಗಡು ತಗಡಾಗಿ ಬಿಚ್ಚಬೇಕು. ಹೊಸ ಸುರುಳಿ ಇಳಿಸಿದ ಮೇಲೆ ತಗಡು ತಗಡಾಗಿಯೇ ಹೆಣೆದು ಕೂಡಿಸಬೇಕು. ಕೂದಲೆಳೆಯಷ್ಟು ಸಂದು ಬಿಟ್ಟರೂ ಮೀಟರು ಚಾಡಿ ಹೇಳುತ್ತದೆ.

ಆ ತಗಡು ಹೆಣೆಯುವ ತಂಡದಲ್ಲಿದ್ದವಳು ಮೀಟರಕ್ಕನ ಒಡಹುಟ್ಟಿದ ತಂಗಿ.

ಅಕ್ಕತಂಗಿಯರದು ಒಂದೇ ಮನೆ, ಎರಡು ಬಾಗಿಲು, ನಡುವೆ ಒಂದು ಗೋಡೆ. ಈಚೆ ಮನೆಯಲ್ಲಿ ಒಗ್ಗರಣೆ ಸೀದರೆ ಆಚೆ ಮನೆಯಲ್ಲಿ ಕೆಮ್ಮು. ಆದರೆ ಕಾರ್ಖಾನೆಯ ಗೇಟು ದಾಟಿದರೆಂದರೆ ಇಬ್ಬರೂ ಪರಕೀಯರು. ಜೋಡಿಸುವವರು ಪರೀಕ್ಷೆಯವರ ಜೊತೆ ಕೆಲಸದ ಮಾತು ಆಡಬಾರದು, ಫಲಿತಾಂಶದ ಕಾಗದ ಬೋರ್ಡಿಗೆ ಬೀಳುವತನಕ ಕಾಯಬೇಕು ಎನ್ನುವುದು ಅಲ್ಲಿನ ಹಳೆಯ ಪದ್ಧತಿ. ಅದಕ್ಕೇ ಒಳಗೆ ತಂಗಿ ಅಕ್ಕನಿಗೆ "ನೀವು" ಎನ್ನುವಳು, ಅಕ್ಕ ತಂಗಿಗೆ "ನೀವು" ಎನ್ನುವಳು. ಸಂಜೆ ಗೇಟಿನ ಹೊರಗೆ ಕಾಲಿಟ್ಟ ಮರುಕ್ಷಣ, "ಲೇ, ಬೆಳಿಗ್ಗೆ ನನ್ನ ಛತ್ರಿ ನೀನೇ ಎತ್ಕೊಂಡು ಬಂದ್ಯಾ?"

ಆ ವರ್ಷ ತಗಡಿನ ಹಳೆಯ ಮೇಸ್ತ್ರಿ ಸೊಂಟ ಹಿಡಿದು ಕೆಲಸ ಬಿಟ್ಟರು. ಊರಿಗೆ ನೀರೆತ್ತುವ ಪಂಪುಮನೆಯ ದೊಡ್ಡ ಟ್ರಾನ್ಸ್‌ಫಾರ್ಮರು ರಿಪೇರಿಗೆ ಬಂದು ಕೂತಿತ್ತು. ಮ್ಯಾನೇಜರು ತಂಗಿಯನ್ನು ಕರೆದು, "ಈ ಸಲ ತಂಡ ನೀವೇ ನಡೆಸಿ. ಪರೀಕ್ಷೆ ಪಾಸಾದ್ರೆ ಮೇಸ್ತ್ರಿ ಅಂತ ಬರೆದು ಕೊಡ್ತೀನಿ. ಇಲ್ಲಾಂದ್ರೆ ಹೊರಗಿಂದ ಯಾರನ್ನಾದ್ರೂ ಕರೆಸ್ಬೇಕಾಗುತ್ತೆ" ಎಂದರು.

ಹನ್ನೊಂದು ವರ್ಷ ಇನ್ನೊಬ್ಬರು ಹೇಳಿದ ಜಾಗದಲ್ಲಿ ತಗಡು ಇಟ್ಟವಳು ಈಗ ತಾನೇ ಜಾಗ ಹೇಳುವವಳಾದಳು. ಹನ್ನೆರಡು ದಿನ ಆರು ಜನ ದುಡಿದರು. ಪ್ರತಿ ಸಂದಿಯ ಮೇಲೂ ತಂಗಿ ಉಗುರು ಎಳೆದು ನೋಡಿದಳು. ಉಗುರು ಎಲ್ಲಾದರೂ ತಡೆದರೆ ಆ ಸಾಲು ಪೂರ್ತಿ ಎಬ್ಬಿಸಿ ಮತ್ತೆ ಕೂರಿಸಿದಳು. ಮನೆಗೆ ಬಂದರೂ ಊಟದ ತಟ್ಟೆಯ ಅಂಚಿಗೆ ಉಗುರು ಎಳೆಯುತ್ತಿದ್ದಳಂತೆ.

ಹದಿಮೂರನೆಯ ದಿನ ಮಧ್ಯಾಹ್ನ ಪರೀಕ್ಷೆ. ಎಣ್ಣೆಯ ತೊಟ್ಟಿಗೆ ಇಳಿಸುವ ಮುನ್ನ ಕಡಿಮೆ ವೋಲ್ಟೇಜು ಕೊಟ್ಟು ಖಾಲಿ ಓಡಿಸಿ ನೋಡುವ ಪರೀಕ್ಷೆ ಅದು. ಮೀಟರಕ್ಕ ಗುಂಡಿ ಒತ್ತಿದಳು, ನೋಡಿದಳು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದಳು. ತಂತಿಗಳನ್ನು ಬಿಚ್ಚಿ ಮತ್ತೆ ಕಟ್ಟಿ ಮೂರನೆಯ ಸಲ ನೋಡಿದಳು. ಎಡಗಾಲು ಹನ್ನೊಂದು ಮಿಲಿ ಆಂಪಿಯರ್. ಬಲಗಾಲು ಹನ್ನೊಂದು. ನಡುಗಾಲು ಹದಿಮೂರು.

ಕಡಿಮೆ ಉಣ್ಣಬೇಕಾದದ್ದೇ ಎಲ್ಲಕ್ಕಿಂತ ಹೆಚ್ಚು ಉಂಡು ಕೂತಿತ್ತು.

ಅವಳ ಕೈ ಒಂದು ಗಳಿಗೆ ಕಾಗದದ ಮೇಲೆ ನಿಂತಿತು. ಆಮೇಲೆ ಬರೆಯಿತು. 'ಮೇಲಿನ ಪಟ್ಟಿ ಬಿಚ್ಚಿ ಮತ್ತೆ ಜೋಡಿಸತಕ್ಕದ್ದು.' ಸಹಿ ಹಾಕಿ ಬೋರ್ಡಿಗೆ ಚುಚ್ಚಿದಳು. ತಂಡದವರು ಸುತ್ತ ಬಂದು ಓದಿದರು. ತಂಗಿ ಕೊನೆಗೆ ಬಂದು ಓದಿ, ಕೈಗವಸು ಕಳಚಿ ಹೊರಟಳು.

ಸಂಜೆ ಮನೆಯಲ್ಲಿ ಅದು ಹೊರಬಿತ್ತು.

"ಅಕ್ಕಾ, ಒಂದೊಂದು ಸಂದೂ ಉಗುರಲ್ಲಿ ನೋಡಿದೀನಿ ನಾನು."

"ಉಗುರಿಗೆ ಕಾಣದ್ದು ಮೀಟರಿಗೆ ಕಾಣುತ್ತೆ."

"ಮೀಟರಿಗೆ ಕಾಣದ್ದೂ ಒಂದಿರುತ್ತಲ್ಲ. ಅಳೆಯೋ ಮುಂಚೆ ಮೈ ತೊಳೆದ್ಯಾ?"

ಈ 'ಮೈ ತೊಳೆಯುವುದು' ಕಾರ್ಖಾನೆಯ ಮಾತು. ಸುರುಳಿಯ ತಾಮ್ರ ಸರಿಯಿದೆಯೋ ಇಲ್ಲವೋ ಎಂದು ತಿಳಿಯಲು ಮೊದಲು ಬ್ಯಾಟರಿಯಿಂದ ಒಂದೇ ದಿಕ್ಕಿನ ವಿದ್ಯುತ್ತು ಹರಿಸಿ ಅಳೆಯುತ್ತಾರೆ. ಆ ಅಳತೆ ಮುಗಿದರೂ ಕಬ್ಬಿಣದಲ್ಲಿ ಆಯಸ್ಕಾಂತದ ನಂಜು ಉಳಿದುಬಿಡುತ್ತದೆ. ಹಾಗೇ ಖಾಲಿ ಓಡಿಸಿದರೆ ನಂಜೇರಿದ ಕಬ್ಬಿಣ ಹೆಚ್ಚು ವಿದ್ಯುತ್ತು ಎಳೆಯುತ್ತದೆ, ಮೀಟರು ಸುಳ್ಳು ಹೇಳಿದಂತಾಗುತ್ತದೆ. ಅದಕ್ಕೇ ಬ್ಯಾಟರಿಯನ್ನು ಆ ದಿಕ್ಕಿಗೊಮ್ಮೆ ಈ ದಿಕ್ಕಿಗೊಮ್ಮೆ ತಿರುಗಿಸುತ್ತ, ಪ್ರತಿ ಸಲ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತ, ತೂಗುವ ಉಯ್ಯಾಲೆಯನ್ನು ಮೆಲ್ಲಗೆ ನಿಲ್ಲಿಸುವ ಹಾಗೆ ಆ ನಂಜು ಇಳಿಸಬೇಕು. ಮುಕ್ಕಾಲು ಗಂಟೆಯ ಕೆಲಸ.

ಮೀಟರಕ್ಕನ ಮುಖ ಕೆಂಪಾಯಿತು. "ಇಪ್ಪತ್ತಾರು ವರ್ಷದಿಂದ ಅಳೀತಿರೋಳನ್ನ ತೊಳೆದ್ಯಾ ಅಂತ ಕೇಳ್ತೀಯಾ? ನಾಳೆ ಹಲ್ಲು ಉಜ್ಜಿದ್ಯಾ ಅಂತಾನೂ ಕೇಳು."

"ಕೇಳಿದ್ದೇ ತಪ್ಪಾಯ್ತು ಬಿಡು."

"ತಂಗಿ ಅಂತ ಆರು ಅಂತ ಬರೀಲಾ? ನೀರಿಲ್ದೆ ಊರು ಬಾಯಿ ಬಾಯಿ ಬಿಟ್ಟಾಗ ಬಂದು ಹೇಳ್ತೀಯಾ, ಅಕ್ಕ ಬರೆದಿದ್ಲು ಅಂತ?"

"ನಾನು ಬರಿ ಅಂದ್ನಾ? ನಾಳೆ ಏಳಕ್ಕೆ ಬಿಚ್ಚೋಕೆ ಶುರು ಮಾಡ್ತೀನಿ. ಎರಡನೇ ಸಲ ಬಿಚ್ಚಿದ ತಗಡು ಮೊದಲಿನ ಹಾಗೆ ಕೂರಲ್ಲ ಅಂತ ನಿನಗೂ ಗೊತ್ತು. ಯಾರೋ ಹೊಸಬರು ಬಂದು ಜೋಡಿಸ್ಕೊಳ್ಳಲಿ." ತಂಗಿಯ ಮನೆ ಬಾಗಿಲು ಹಾಕಿಕೊಂಡಿತು.

ಡ್ರೈವರು ಹೆಂಡತಿಯನ್ನೂ ಗೋಡೆಯನ್ನೂ ನೋಡಿದ. ಯಾವ ಕಡೆ ಮಾತಾಡಿದರೂ ಏಟು ತನಗೇ ಎಂದು ತಿಳಿದು, ಪೇಪರು ಮುಖಕ್ಕೆ ಹಿಡಿದ.

ಮರುದಿನ ಬೆಳಿಗ್ಗೆ ತಂಗಿ ಆರೂವರೆಗೇ ಹೊರಟುಹೋಗಿದ್ದಳು. ಪರೀಕ್ಷೆಯವರ ಹೊತ್ತು ಒಂಬತ್ತಕ್ಕೆ. ಮೀಟರಕ್ಕ ಏಳು ಗಂಟೆಗೆ ಚಹಾ ಲೋಟ ಪಕ್ಕಕ್ಕಿಟ್ಟುಕೊಂಡು ಜೇಬಿನ ಪುಸ್ತಕ ತೆರೆದಳು. ಯಾವ ಕೆಲಸ ಯಾವ ಗಳಿಗೆಗೆ ಮಾಡಿದೆ ಎಂದು ಅಲ್ಲಲ್ಲೇ ಬರೆದಿಟ್ಟುಕೊಂಡು, ಬೆಳಿಗ್ಗೆ ಅದನ್ನು ದೊಡ್ಡ ಪುಸ್ತಕಕ್ಕೆ ಇಳಿಸುವುದು ಅವಳ ಕ್ರಮ. ಬರೆಯುತ್ತ ಹೋದಳು.

ಎರಡು ಹತ್ತು, ಬ್ಯಾಟರಿ ಅಳತೆ, ಎಡಗಾಲು. ಎರಡು ಇಪ್ಪತ್ತು, ಬಲಗಾಲು. ಎರಡು ಮೂವತ್ತು, ನಡುಗಾಲು. ಎರಡು ಮೂವತ್ತೆಂಟು, ಖಾಲಿ ಓಟ.

ಪೆನ್ನು ನಿಂತಿತು. ಮೂವತ್ತಕ್ಕೂ ಮೂವತ್ತೆಂಟಕ್ಕೂ ನಡುವೆ ಎಂಟೇ ನಿಮಿಷ. ಮುಕ್ಕಾಲು ಗಂಟೆಯ ಕೆಲಸ ಎಂಟು ನಿಮಿಷದಲ್ಲಿ ಎಲ್ಲಿ ಹೋಯಿತು?

ಎಲ್ಲೂ ಹೋಗಿರಲಿಲ್ಲ. ಆಗಿರಲೇ ಇಲ್ಲ. ನಿನ್ನೆ ಮಧ್ಯಾಹ್ನ ಬ್ಯಾಟರಿಯ ತಂತಿ ಕಳಚಿದ ಕೂಡಲೇ ಅವಳ ಮನಸ್ಸು ಮುಂದಕ್ಕೆ ಓಡಿತ್ತು. ಮೊದಲ ಸಲ ತಂಡ ನಡೆಸಿದ ತಂಗಿಯ ಕೈ ಎಂಥದೆಂದು ನೋಡುವ ಆಸೆ. ಆರು ಅಂತ ಬರುತ್ತದೆ, ಸಂಜೆ ಇಬ್ಬರೂ ಸೇರಿ ನಗಬಹುದು ಎನ್ನುವ ಆತುರ. ಪರಕೀಯಳಂತೆ ಇರಬೇಕಾದ ಜಾಗದಲ್ಲಿ ಅಕ್ಕನಾಗಿಬಿಟ್ಟಿದ್ದಳು. ಕೊನೆಗೆ ಅಳೆದದ್ದು ನಡುಗಾಲು, ನಂಜು ಹೆಚ್ಚು ಉಳಿದದ್ದೂ ಅಲ್ಲೇ. ತಂಗಿ ಬಾಯಿಬಿಟ್ಟು ಕೇಳಿದಾಗಲೂ ಒಮ್ಮೆ ಪುಸ್ತಕ ತೆಗೆದು ನೋಡಿರಲಿಲ್ಲ.

ತಂಗಿಗೆ ಫೋನು ಮಾಡಿದಳು. ರಿಂಗಾಯಿತು, ಯಾರೂ ಎತ್ತಲಿಲ್ಲ. ಎತ್ತುವುದಾದರೂ ಹೇಗೆ? ತೆರೆದ ಕಬ್ಬಿಣದ ಹತ್ತಿರ ಹೋಗುವವರು ಫೋನು, ಉಂಗುರ, ಕೈಗಡಿಯಾರ, ಕೂದಲಿನ ಪಿನ್ನು, ಎಲ್ಲವನ್ನೂ ಲಾಕರಿನಲ್ಲಿಟ್ಟು ಹೋಗಬೇಕು. ಒಂದು ಪಿನ್ನು ಒಳಗೆ ಬಿದ್ದರೆ ಟ್ರಾನ್ಸ್‌ಫಾರ್ಮರೇ ಹೋಯಿತು. ಮ್ಯಾನೇಜರ ಫೋನು ಸ್ವಿಚ್ ಆಫ್.

ಬೀದಿಯ ತುದಿಯಲ್ಲಿ ಗಂಡನ ಬಸ್ಸು ಹೊರಡುವುದರಲ್ಲಿತ್ತು. ಓಡಿ ಹತ್ತಿದಳು.

"ರೀ, ಎಲ್ಲೂ ನಿಲ್ಲಿಸ್ಬೇಡಿ. ಸೀದಾ ಕಾರ್ಖಾನೆಗೆ ಬಿಡಿ."

"ಇದೇನು ನಿಮ್ಮಪ್ಪನ ಕಾರಾ? ಸ್ಟಾಪಲ್ಲಿ ಜನ ನಿಂತಿರ್ತಾರೆ."

"ಅವಳು ಬಿಚ್ತಿದಾಳೆ ರೀ. ತಪ್ಪು ನಂದು. ನಾನು ತೊಳೆದೇ ಇಲ್ಲ."

ಡ್ರೈವರು ಒಮ್ಮೆ ಕನ್ನಡಿಯಲ್ಲಿ ಅವಳ ಮುಖ ನೋಡಿದ. ಆದರೂ ಒಂಬತ್ತು ಸ್ಟಾಪಿನಲ್ಲೂ ನಿಲ್ಲಿಸಿದ. ಆದರೆ ಪ್ರತಿ ಸ್ಟಾಪಿನಲ್ಲೂ ತಲೆ ಹೊರಗೆ ಹಾಕಿ, "ಹತ್ತೋರು ಬೇಗ ಹತ್ತಿ, ಮನೆಯವಳಿಗೆ ಹೊಟ್ಟೆನೋವು" ಎಂದು ಕೂಗಿದ. ಜನ ಪಾಪ ಎನ್ನುತ್ತ ಹತ್ತಿದರು. ಒಬ್ಬಳು ಅಜ್ಜಿ ಅವಳ ಬೆನ್ನು ನೀವಿ ಕುಡಿಯಲು ನೀರು ಕೊಟ್ಟಳು. ಸತ್ಯವನ್ನೇ ಅಳೆದು ಮಾತಾಡುವವಳು ಆವತ್ತು ಇಲ್ಲದ ಹೊಟ್ಟೆನೋವಿಗೆ ನೀರು ಕುಡಿದಳು.

ಒಳಗೆ ಹೋಗುವಷ್ಟರಲ್ಲಿ ತಗಡುಗಳನ್ನು ಒತ್ತಿ ಹಿಡಿಯುವ ಮೇಲಿನ ಬಿಗಿಪಟ್ಟಿಯನ್ನು ಕಳಚಿ ಇಳಿಸಿಯಾಗಿತ್ತು. ಮೂವತ್ತು ತಗಡು ಹೊರಬಂದು ಬಟ್ಟೆಯ ಮೇಲೆ ಮಲಗಿದ್ದವು. ಮೂವತ್ತೊಂದನೆಯದು ತಂಗಿಯ ಕೈಯಲ್ಲಿತ್ತು.

"ನಿಲ್ಸೀ!" ಎಂದಳು ಮೀಟರಕ್ಕ. ಕೂಗು ಎಷ್ಟು ದೊಡ್ಡದಿತ್ತೆಂದರೆ ಮೇಲಿನವನು ಕ್ರೇನನ್ನೂ ನಿಲ್ಲಿಸಿಬಿಟ್ಟ.

ಎಲ್ಲರ ಮುಂದೆ ಹೇಳಿದಳು. "ನಿನ್ನೆ ನಾನು ತೊಳೀದೆ ಅಳೆದೆ. ಆ ಹದಿಮೂರು ನಿಮ್ಮ ಕೈದಲ್ಲ, ನಂದು." ಪುಸ್ತಕ ತೆರೆದು ಆ ಎಂಟು ನಿಮಿಷ ತೋರಿಸಿದಳು.

ತಂಗಿ ಪುಸ್ತಕ ನೋಡಿದಳು. ಆ ಮೂವತ್ತೊಂದನೆಯ ತಗಡನ್ನು ಇದ್ದ ಜಾಗಕ್ಕೇ ಮೆಲ್ಲಗೆ ಇಟ್ಟಳು. "ನಿನ್ನೆ ಸಂಜೆ ಕೇಳಿದ್ನಲ್ಲ," ಎಂದಳು. ಅಷ್ಟೇ.

ಅಷ್ಟರಲ್ಲಿ ಮ್ಯಾನೇಜರು ಬಂದರು. ಎಲ್ಲ ಕೇಳಿದರು. ಅವರೂ ಒಂದು ಕಾಲಕ್ಕೆ ಪರೀಕ್ಷೆಯ ಮೇಜಿನಲ್ಲಿ ಕೂತವರೇ. ದನಿ ತಗ್ಗಿಸಿ ಕೇಳಿದರು. "ನೋಡಿ, ಬೇಜಾರು ಮಾಡ್ಕೋಬೇಡಿ. ರಾತ್ರಿ ಮನೆಯಲ್ಲಿ ಏನಾದ್ರೂ ಮಾತಾಯ್ತಾ? ತಂಗಿ ಅಂತ ಮನಸ್ಸು ಕರಗಿತಾ?"

ತಂಡದವರು ನೆಲ ನೋಡಿದರು. ಇಪ್ಪತ್ತಾರು ವರ್ಷದಲ್ಲಿ ಅವಳ ಅಂಕಿಯನ್ನು ಯಾರೂ ಹಾಗೆ ಪ್ರಶ್ನಿಸಿರಲಿಲ್ಲ. ನಿನ್ನೆಯ ಮೀಟರಕ್ಕನಾಗಿದ್ದರೆ ಸಿಡಿದು ಬೀಳುತ್ತಿದ್ದಳು.

"ಅನುಮಾನ ಬರಬೇಕಾದ್ದೇ ಸರ್," ಎಂದಳು. "ನಾನು ಈಗ ಆರು ಅಂದ್ರೆ ಯಾರು ನಂಬ್ತಾರೆ? ಅದಕ್ಕೇ ನಾನು ಅಳೆಯಲ್ಲ. ತೊಳೆದು ಕೊಡ್ತೀನಿ, ನೀವು ಅಳೀರಿ."

ತಂಗಿ ಮುಂದೆ ಬಂದಳು. "ಈಗ್ಲೇ ಅಳೀಬೇಕು ಸರ್. ಈ ಮೂವತ್ತು ತಗಡು ಹೊರಗಿರುವಾಗ್ಲೇ. ವಾಪಸ್ ಹಾಕಿದ ಮೇಲೆ ಅಳೆದ್ರೆ, ತಪ್ಪಿತ್ತು, ರಿಪೇರಿ ಮಾಡ್ಕೊಂಡ್ಲು ಅಂತಾರೆ."

ಮುಕ್ಕಾಲು ಗಂಟೆ ಮೀಟರಕ್ಕ ಬ್ಯಾಟರಿಯ ಮುಂದೆ ಕೂತಳು. ಆ ಕಡೆಗೊಮ್ಮೆ, ಈ ಕಡೆಗೊಮ್ಮೆ. ಹತ್ತು ಆಂಪಿಯರ್, ಎಂಟು, ಆರು, ನಾಲ್ಕು. ಯಾರೂ ಅವಸರ ಮಾಡಲಿಲ್ಲ. ಕೊನೆಗೆ ತಂತಿ ಕಳಚಿ, ಮೇಜು ಬಿಟ್ಟು ಎದ್ದು, ಹೋಗಿ ಜೋಡಿಸುವವರ ಸಾಲಿನಲ್ಲಿ ನಿಂತಳು. ಅಲ್ಲಿಂದ ಮೀಟರು ಕಾಣುವುದಿಲ್ಲ. ಓದುವವರ ಬೆನ್ನು ಮಾತ್ರ ಕಾಣುತ್ತದೆ. ಆ ಜಾಗದಲ್ಲಿ ಅವಳು ಯಾವತ್ತೂ ನಿಂತಿರಲಿಲ್ಲ.

ಮ್ಯಾನೇಜರು ಕನ್ನಡಕಕ್ಕಾಗಿ ಮೂರು ಜೇಬು ತಡಕಿದರು. ಆಮೇಲೆ ಅದು ಹಣೆಯ ಮೇಲೆ ಸಿಕ್ಕಿತು. ಗುಂಡಿ ಒತ್ತಿದರು. ಕಬ್ಬಿಣ ಸಣ್ಣಗೆ ಗುಂಯ್ ಎಂದಿತು.

"ಎಡಗಾಲು," ಎಂದರು. "ಒಂಬತ್ತೂವರೆ."

ಮೀಟರಕ್ಕ ಪಕ್ಕದವಳ ಕೈ ಹುಡುಕಿದಳು. ಪಕ್ಕದವಳು ತಂಗಿಯೇ.

"ನೀವು ಯಾವಾಗ್ಲೂ ಇಷ್ಟು ನಿಧಾನ ಓದೋದು," ಎಂದು ತಂಗಿ ಪಿಸುಗುಟ್ಟಿದಳು. "ಇಲ್ಲಿ ನಿಂತೋರ ಜೀವ ಬಾಯಿಗೆ ಬಂದಿರುತ್ತೆ."

"ಇಷ್ಟು ನಿಧಾನಾನಾ ನಾನು?"

"ಇದಕ್ಕಿಂತ."

"ಬಲಗಾಲು, ಒಂಬತ್ತೂವರೆ," ಎಂದರು ಮ್ಯಾನೇಜರು. ತಂತಿ ಬದಲಿಸಿದರು. ಮೀಟರಿಗೆ ಮೂಗು ತಾಗುವಷ್ಟು ಬಾಗಿದರು. ಮೇಲೆ ಗೂಡಿನಲ್ಲಿ ಮೇಲಿನವನು ಅರ್ಧ ದೇಹ ಹೊರಗೆ ಹಾಕಿ ನೋಡುತ್ತಿದ್ದ. "ನಡುಗಾಲು. ಆರೂವರೆ."

ಯಾರೂ ಕುಣಿಯಲಿಲ್ಲ. ತಂಡದಲ್ಲೊಬ್ಬ, "ಅಪ್ಪಾ, ಉಸಿರು ಬಿಡಬಹುದಾ?" ಎಂದು ಕೇಳಿದ, ಅಷ್ಟೇ. ಮೂವತ್ತು ತಗಡು ಹೊರಗಿದ್ದದ್ದಕ್ಕೆ ಆ ಅರ್ಧ ಹೆಚ್ಚು ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಮ್ಯಾನೇಜರು ಬೋರ್ಡಿನಿಂದ ನಿನ್ನೆಯ ಕಾಗದ ಕಿತ್ತು, "ಇದನ್ನ ಹರಿದು ಹಾಕೋಣ, ಹೊಸದು ಬರೆದುಬಿಡಿ" ಎಂದರು. ಮೀಟರಕ್ಕ ಅದನ್ನು ಅವರ ಕೈಯಿಂದ ತೆಗೆದುಕೊಂಡಳು. ಹದಿಮೂರರ ಮೇಲೆ ಒಂದು ಗೆರೆ ಎಳೆದು, ಕೆಳಗೆ, 'ಮೈ ತೊಳೆಯದೆ ಅಳೆದದ್ದು. ತಪ್ಪು ಪರೀಕ್ಷೆಯವಳದು' ಎಂದು ಬರೆದು, ಸಹಿ ಹಾಕಿ, ಅದೇ ಮೊಳೆಗೆ ಚುಚ್ಚಿದಳು.

"ಆ ಮೂವತ್ತು ತಗಡು?" ಎಂದಳು ತಂಗಿ. "ಅವನ್ನ ಯಾರು ಹಾಕ್ತಾರೆ?"

ಮೀಟರಕ್ಕ ಉಂಗುರ, ಕೈಗಡಿಯಾರ ಕಳಚಿ ಲಾಕರಿಗೆ ಹಾಕಿದಳು. ಕೂದಲಿನ ಪಿನ್ನು ಕಿತ್ತಳು. ಏಣಿ ಹತ್ತಿ, ತಂಗಿಗೆ ತಗಡು ಎತ್ತಿಕೊಡುವ ಜಾಗದಲ್ಲಿ ನಿಂತಳು. ತಗಡಿನ ಮೇಲೆ ಕೈಯಿಟ್ಟವರು ಅದನ್ನು ಪರೀಕ್ಷೆ ಮಾಡುವಂತಿಲ್ಲವಾದ್ದರಿಂದ ಆ ಕಬ್ಬಿಣದ ಕೊನೆಯ ಅಳತೆಯೂ ಮ್ಯಾನೇಜರ ಪಾಲಿಗೇ ಬಿತ್ತು. ಅವರು ಗೊಣಗಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ತುದಿ ಹಿಡೀಬೇಡಿ, ಬಾಗುತ್ತೆ. ನಡುವೆ ಹಿಡೀರಿ."

"ಹಿಡಿದಿದೀನಿ."

"ಹಿಡಿದಿಲ್ಲ. ಇದು ಕಾಗದ ಅಲ್ಲ, ಬರೆದು ಚುಚ್ಚೋಕೆ. ಎರಡೂ ಕೈ ಹಾಕಿ."

"ಸರಿ ಮೇಸ್ತ್ರಿ."

ತಂಗಿ ಉಗುರು ಎಳೆಯುತ್ತಿದ್ದವಳು ಒಂದು ಕ್ಷಣ ತಡೆದಳು. "ಇನ್ನೂ ಬರೆದು ಕೊಟ್ಟಿಲ್ಲ," ಎಂದಳು. ಮುಖ ತಿರುಗಿಸಿಕೊಂಡಿದ್ದಳು, ನಕ್ಕಳೋ ಇಲ್ಲವೋ ತಿಳಿಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಬಿಗಿಪಟ್ಟಿ ಕೂತಿತು. ಮತ್ತೆ ತೊಳೆದು ಅಳೆದಾಗ ಅಂಚಿನ ಕಾಲುಗಳು ಒಂಬತ್ತು, ಒಂಬತ್ತು. ನಡುವಿನದು ಆರು. ಇನ್ನು ತೊಟ್ಟಿಗೆ ಇಳಿಸುವುದೊಂದೇ ಬಾಕಿ. ಹದಿನೆಂಟು ಟನ್ನಿನ ಆ ಕಬ್ಬಿಣ ಮತ್ತು ತಾಮ್ರವನ್ನು ಎತ್ತಲು ಕ್ರೇನಿಗೆ ಕೆಳಗಿಂದ ಸನ್ನೆ ಬೇಕು, ಆ ಸನ್ನೆ ಕೊಡುವ ಅಧಿಕಾರ ಮೇಸ್ತ್ರಿಗೆ ಮಾತ್ರ. ಕೊಂಡಿಗಳನ್ನು ಸಿಕ್ಕಿಸಿದ್ದಾಯಿತು. ಎಲ್ಲರೂ ಮ್ಯಾನೇಜರ ಮುಖ ನೋಡಿದರು.

"ನನ್ನನ್ನ ಯಾಕೆ ನೋಡ್ತೀರಿ?" ಎಂದರು ಅವರು ತಂಗಿಗೆ. "ಕೈ ಎತ್ತಿ."

ತಂಗಿ ನೆಲದ ಹಳದಿ ಗೆರೆಯ ಒಳಗೆ ಒಬ್ಬಳೇ ಉಳಿದಳು. ಅಕ್ಕ ಉಳಿದವರ ಜೊತೆ ಗೆರೆಯಾಚೆ ಸರಿದಳು. ತಂಗಿ ಬಲಗೈ ಎತ್ತಿ, ಬೆರಳನ್ನು ಮೆಲ್ಲಗೆ ಸುತ್ತಿಸಿದಳು. ಮೇಲಿನವನು ತುಟಿಪಿಟಕ್ಕೆನ್ನದೆ ಗೇರು ಹಾಕಿದ. ಸರಪಳಿ ಬಿಗಿಯಾಯಿತು. ಮೂರು ಕಾಲೂ ಒಟ್ಟಿಗೆ ನೆಲ ಬಿಟ್ಟವು.